ಪುಟ್ಟ ಸ್ಪೀಕರಿಗೆ ಸರಿಯಾದ ಜಾಗ: ಅಳತೆಯ ಟೇಪು ಹಿಡಿದು ಒಂದು ಮಧ್ಯಾಹ್ನ

ಬುಕ್‌ಶೆಲ್ಫ್ ಸ್ಪೀಕರ್ ಎಂಬ ಹೆಸರನ್ನು ನಂಬಿ ಅದನ್ನು ಪುಸ್ತಕದ ಕಪಾಟಿನೊಳಗೆ ತೂರಿಸಿಟ್ಟವರಿಗೆ ಅದರ ನಿಜವಾದ ದನಿ ಕೇಳಿಸುವುದು ಅಪರೂಪ. ಆ ಹೆಸರು ಪೆಟ್ಟಿಗೆಯ ಗಾತ್ರವನ್ನು ಹೇಳುತ್ತದೆಯೇ ಹೊರತು ಅದನ್ನಿಡಬೇಕಾದ ಜಾಗವನ್ನಲ್ಲ. ಬೀರುವಿನಂಥ ದೊಡ್ಡ ಪೆಟ್ಟಿಗೆಯಿಲ್ಲದೆ ಆಳವಾದ ಮಂದ್ರ ಸ್ವರ ಹೊರಡದು ಎಂದು ನಂಬಿದ್ದ ಕಾಲದಲ್ಲಿ, ಅಂದರೆ 1954ರಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ ಅವರು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು ಆ ನಂಬಿಕೆಯನ್ನು ಸುಳ್ಳು ಮಾಡಿದರು. ಮುಂದೆ 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿನಲ್ಲಿ ಧ್ವನಿಯನ್ನು ಪರೀಕ್ಷಿಸಲೆಂದು ಸುಮಾರು 30 ಸೆಂ.ಮೀ. ಎತ್ತರದ ಎಲ್‌ಎಸ್ 3/5ಎ ಎಂಬ ಸ್ಪೀಕರನ್ನು ರೂಪಿಸಿತು. ಮನುಷ್ಯನ ಕಂಠವನ್ನು ಇದ್ದಂತೆ ಕೇಳಿಸುವ ಅದರ ಗುಣವನ್ನು ಕೇಳುಗರು ಇಂದಿಗೂ ಕೊಂಡಾಡುತ್ತಾರೆ. ಅಂದರೆ ಪುಟ್ಟ ಸ್ಪೀಕರಿನಲ್ಲಿ ಕಸುವಿಲ್ಲವೆಂದಲ್ಲ, ಅದನ್ನು ನಿಲ್ಲಿಸುವ ರೀತಿಯಲ್ಲಿ ನಾವು ಎಡವುತ್ತೇವೆ. ಇನ್ನೊಂದು ಉಪಕರಣ ಕೊಳ್ಳುವ ಮುನ್ನ ಈಗಿರುವ ಜೋಡಿಯನ್ನೇ ಕೋಣೆಗೆ ಹೊಂದಿಸಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆಂಪ್ಲಿಫೈಯರ್

ಕೆಲವು ಸ್ಪೀಕರುಗಳೊಳಗೇ ಆಂಪ್ಲಿಫೈಯರ್ ಇರುತ್ತದೆ. ಅಂಥವನ್ನು ಕೊಂಡವರು ಈ ಭಾಗವನ್ನು ದಾಟಿ ಮುಂದೆ ಹೋಗಬಹುದು. ಪ್ರತ್ಯೇಕ ಆಂಪ್ಲಿಫೈಯರ್ ಬೇಕಾದ ಸ್ಪೀಕರಾದರೆ ಅದರ ಹಿಂಬದಿಯಲ್ಲೋ ಕೈಪಿಡಿಯಲ್ಲೋ ನಮೂದಾಗಿರುವ ಎರಡು ಸಂಖ್ಯೆಗಳನ್ನು ನೋಡಿಕೊಳ್ಳಬೇಕು. ಓಮ್ ಲೆಕ್ಕದ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ, ಒಂದು: ಸ್ಪೀಕರ್ 4 ಓಮ್‌ನದಾಗಿದ್ದರೆ ಆಂಪ್ಲಿಫೈಯರ್ 4 ಓಮ್ ಹೊರೆಯನ್ನು ತಾಳಬಲ್ಲುದೆಂದು ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಇನ್ನೊಂದು ಡೆಸಿಬೆಲ್ ಲೆಕ್ಕದ ಸೆನ್ಸಿಟಿವಿಟಿ. 8 ಓಮ್‌ನ ಸ್ಪೀಕರಿನಲ್ಲಿ 86 ಡೆಸಿಬೆಲ್ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಹೊರಡುತ್ತದೆ ಎಂದರ್ಥ. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟಾಯಿತು ಎನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ 50 ವ್ಯಾಟಿನದೋ 60 ವ್ಯಾಟಿನದೋ ಎಂದು ತಲೆಕೆಡಿಸಿಕೊಳ್ಳುವುದು ವ್ಯರ್ಥ. ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿದಾಗ ಧ್ವನಿ ಅಲೆಯ ತುದಿಗಳು ಕತ್ತರಿಸಿದಂತಾಗಿ ಎತ್ತರದ ಸ್ವರಗಳನ್ನು ಹೊರಡಿಸುವ ಟ್ವೀಟರ್ ಸುಟ್ಟುಹೋಗುವ ಅಪಾಯವಿದೆ ಎಂಬುದನ್ನು ಮಾತ್ರ ನೆನಪಿಡಬೇಕು.

ವೈರು: ದುಬಾರಿಯಾಗಬೇಕಿಲ್ಲ, ತಿರುವುಮುರುವಾಗಬಾರದು

ಐದಾರು ಮೀಟರ್ ಒಳಗಿನ ದೂರಕ್ಕೆ 1.5 ಚದರ ಮಿ.ಮೀ. ದಪ್ಪದ ಸಾಧಾರಣ ತಾಮ್ರದ ವೈರು ಧಾರಾಳವಾಗಿ ಸಾಕು. ಆಂಪ್ಲಿಫೈಯರನ್ನು ಆಫ್ ಮಾಡಿಯೇ ಜೋಡಿಸಬೇಕು; ಬಿಚ್ಚಿದ ಎಳೆಗಳನ್ನು ಹುರಿಮಾಡಿ, ಒಂದು ಎಳೆಯೂ ಪಕ್ಕದ ತಿರುಪಿಗೆ ತಾಗದಂತೆ ನೋಡಿಕೊಳ್ಳಬೇಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬ ನಿಯಮ ಮಕ್ಕಳಾಟದಂತೆ ಕಂಡರೂ ಇಲ್ಲಿ ಎಡವುವವರು ಬಹಳ, ಅವರಲ್ಲಿ ನಾನೂ ಒಬ್ಬ. ಒಮ್ಮೆ ಎಡಗಡೆಯ ಸ್ಪೀಕರಿನ ವೈರು ಅದಲುಬದಲಾಗಿದ್ದುದನ್ನು ಅರಿಯದೆ, ಸ್ಪೀಕರೇ ಸಪ್ಪೆಯೆಂದು ಎರಡು ವಾರ ಗೊಣಗಿಕೊಂಡಿದ್ದೆ. ಮಂದ್ರ ಸ್ವರಗಳನ್ನು ಹೊರಡಿಸುವ ದೊಡ್ಡ ಶಂಕುವಾದ ವೂಫರ್ ಒಂದು ಸ್ಪೀಕರಿನಲ್ಲಿ ಮುಂದೆ ಬರುವ ಹೊತ್ತಿಗೆ ಇನ್ನೊಂದರದು ಹಿಂದೆ ಸರಿಯುತ್ತಿದ್ದರೆ ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಎರಡರ ನಡುವೆ ನಿಂತು ಹಾಡುತ್ತಿರುವಂತೆ ಕೇಳಿಸಬೇಕಾದ ಕಂಠ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತಾಗುತ್ತದೆ. ಸಂಶಯವಿದ್ದರೆ ಆಂಪ್ಲಿಫೈಯರಿನ ಕಡೆಯ ತುದಿಗಳನ್ನು ಕಳಚಿ, 1.5 ವೋಲ್ಟಿನ ಸಣ್ಣ ಬ್ಯಾಟರಿಗೆ ಒಂದು ಕ್ಷಣ ಮುಟ್ಟಿಸಿ ನೋಡಿ: ಒಂದೇ ರೀತಿಯಲ್ಲಿ ಮುಟ್ಟಿಸಿದಾಗ ಎರಡೂ ವೂಫರುಗಳು ಒಂದೇ ದಿಕ್ಕಿಗೆ ಜಿಗಿಯಬೇಕು.

ಕಿವಿಯ ಮಟ್ಟ, ಸಮಬಾಹು ತ್ರಿಕೋನ

ಸ್ವರ ಎತ್ತರವಾದಂತೆಲ್ಲ ಟ್ವೀಟರಿನ ದನಿ ಟಾರ್ಚಿನ ಬೆಳಕಿನ ಹಾಗೆ ನೇರ ದಿಕ್ಕಿಗೆ ಒಲಿಯುತ್ತದೆ. ಆದ್ದರಿಂದ ಟ್ವೀಟರ್ ಕೇಳುಗನ ಕಿವಿಯ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕುಳಿತವರಿಗೆ ಅದು ನೆಲದಿಂದ ಸುಮಾರು 90ರಿಂದ 100 ಸೆಂ.ಮೀ. ಆಗುತ್ತದೆ. 60ರಿಂದ 70 ಸೆಂ.ಮೀ. ಎತ್ತರದ ಭಾರವಾದ ಸ್ಟ್ಯಾಂಡುಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತವೆ. ಸ್ಟ್ಯಾಂಡ್ ಅಲುಗಾಡಬಾರದು, ಪೆಟ್ಟಿಗೆ ಜಾರಬಾರದು. ಪೆಟ್ಟಿಗೆಯ ನಾಲ್ಕು ಮೂಲೆಗಳ ಕೆಳಗೆ ತೆಳುವಾದ ರಬ್ಬರ್ ತುಂಡುಗಳನ್ನಿಟ್ಟರೆ ಸಾಕಾಗುತ್ತದೆ. ಮೇಜಿನ ಮೇಲಿಡುವುದೇ ಅನಿವಾರ್ಯವಾದರೆ ಮುಂದಿನ ಅಂಚಿಗೆ ತಂದು, ಮುಖ ಕಿವಿಯತ್ತ ಎದ್ದಿರುವಂತೆ ಸ್ವಲ್ಪ ಓರೆ ಮಾಡಬೇಕು.

ಇನ್ನು ಅಂತರದ ವಿಚಾರ. ಎರಡು ಸ್ಪೀಕರುಗಳು ಮತ್ತು ನಿಮ್ಮ ತಲೆ, ಈ ಮೂರೂ ಒಂದು ಸಮಬಾಹು ತ್ರಿಕೋನದ ಮೂಲೆಗಳಾಗಲಿ. ಸಾಧಾರಣ ಕೋಣೆಯಲ್ಲಿ ಎರಡು ಮೀಟರ್ ಬಾಹುವಿನಿಂದ ಆರಂಭಿಸಬಹುದು. ಇಲ್ಲಿ ಕಣ್ಣಂದಾಜನ್ನು ನಂಬಬೇಡಿ, ಟೇಪು ಹಿಡಿದೇ ಅಳೆಯಿರಿ. ಒಂದು ಸ್ಪೀಕರ್ ಅಂಗೈಯಗಲ ಹತ್ತಿರವಾದರೂ ನಡುವಿನ ಕಂಠ ಆ ಕಡೆಗೆ ವಾಲುತ್ತದೆ. ನಂತರ ಒಬ್ಬರೇ ಹಾಡಿರುವ, ಹೆಚ್ಚು ವಾದ್ಯಗಳಿಲ್ಲದ ಧ್ವನಿಮುದ್ರಣವೊಂದನ್ನು ಹಾಕಿ, ಸ್ಪೀಕರುಗಳ ಮುಖವನ್ನು ಸ್ವಲ್ಪ ಸ್ವಲ್ಪವೇ ನಿಮ್ಮ ಕಡೆಗೆ ತಿರುಗಿಸುತ್ತ ಬನ್ನಿ. ನೇರವಾಗಿದ್ದಾಗ ನಾದ ಅಗಲವಾಗಿ ಹರಡಿದಂತೆಯೂ, ತಿರುಗಿಸಿದಂತೆ ಕಂಠ ಒಂದೆಡೆ ಗಟ್ಟಿಯಾಗಿ ನಿಂತಂತೆಯೂ ಅನ್ನಿಸುತ್ತದೆ. ತೀರಾ ತಿರುಗಿಸಿದರೆ ಕೆಲವು ಸ್ಪೀಕರುಗಳು ಕಿವಿಗೆ ಚುಚ್ಚುವುದುಂಟು. ಹಾಗಾದಲ್ಲಿ ಎರಡು ಬೆರಳಿನಷ್ಟು ಹಿಂದಕ್ಕೆ ತಿರುಗಿಸಿದರಾಯಿತು.

ಗೋಡೆಯೊಡನೆ ಒಪ್ಪಂದ

ನಿಜವಾದ ಶ್ರಮವಿರುವುದು ಇಲ್ಲಿ. ಮಂದ್ರ ಸ್ವರಗಳು ಸ್ಪೀಕರಿನ ಮುಂದಕ್ಕಷ್ಟೇ ಅಲ್ಲ, ಸುತ್ತಲೂ ಹರಡುತ್ತವೆ. ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ಮರಳಿ ಬಂದು ಮುಂದಿನದನ್ನು ಕೂಡಿಕೊಳ್ಳುತ್ತದೆ. ಗೋಡೆ ತೀರಾ ಹತ್ತಿರವಿದ್ದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಸೇರಿ ಮಂದ್ರ ಉಬ್ಬುತ್ತದೆ, ಕೋಣೆಯ ಮೂಲೆಯಲ್ಲಂತೂ ಇನ್ನಷ್ಟು ಉಬ್ಬಿ ಗುಂಯ್‌ಗುಡುತ್ತದೆ. ಸ್ವಲ್ಪ ದೂರವಾದರೆ ಕಥೆ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 100 ಹರ್ಟ್ಜ್ ಸ್ವರದ, ಅಂದರೆ ಸೆಕೆಂಡಿಗೆ ನೂರು ಬಾರಿ ಕಂಪಿಸುವ ಸ್ವರದ, ಒಂದು ಅಲೆ 3.4 ಮೀಟರ್ ಉದ್ದವಿರುತ್ತದೆ. ಅದರ ಕಾಲುಭಾಗ, ಅಂದರೆ ಸುಮಾರು 85 ಸೆಂ.ಮೀ. ದೂರದಲ್ಲಿ ಗೋಡೆಯಿದ್ದರೆ ಹೋಗಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದುಳಿದು, ಮರಳಿ ಬಂದ ಸದ್ದು ಆ ಸ್ವರವನ್ನೇ ಕುಗ್ಗಿಸುತ್ತದೆ. ದೂರ 50 ಸೆಂ.ಮೀ. ಆದರೆ ಪೆಟ್ಟು ಬೀಳುವುದು 170 ಹರ್ಟ್ಜ್ ಆಸುಪಾಸಿನ ಸ್ವರಕ್ಕೆ.

ಯಾವ ದೂರವೂ ದೋಷಮುಕ್ತವಲ್ಲ ಎಂದಾದ ಮೇಲೆ ಉಳಿಯುವ ದಾರಿ ಕೇಳಿ ನೋಡುವುದೊಂದೇ. ಮೊದಲು ಗೋಡೆಯಿಂದ 20 ಸೆಂ.ಮೀ. ದೂರದಲ್ಲಿಟ್ಟು, ಮಂದ್ರ ಸ್ವರಗಳು ಏರಿಳಿಯುತ್ತ ಹೋಗುವ ಒಂದು ಸಂಗೀತದ ತುಣುಕನ್ನು ಕೇಳಿ. ಬಳಿಕ ಹತ್ತು ಹತ್ತು ಸೆಂ.ಮೀ. ಮುಂದೆ ತರುತ್ತ ಅದೇ ತುಣುಕನ್ನು ಮತ್ತೆ ಕೇಳಿ. ಯಾವ ಸ್ವರವೂ ಒಮ್ಮೆಲೇ ಉಬ್ಬದೆ, ಯಾವುದೂ ಮಾಯವಾಗದೆ ಸಾಲಾಗಿ ಕೇಳಿಸುವ ಜಾಗ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಹಿಂಗೋಡೆಯ ದೂರವೂ ಪಕ್ಕದ ಗೋಡೆಯ ದೂರವೂ ಒಂದೇ ಆಗಿರಬಾರದು; ಒಂದೇ ಆದರೆ ಎರಡೂ ಕಡೆಯ ಕುಸಿತ ಒಂದೇ ಸ್ವರದ ಮೇಲೆ ಬೀಳುತ್ತದೆ. ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯ ರಂಧ್ರವಿದ್ದರೆ ಅದರ ಹಿಂದೆ ಗೇಣಷ್ಟಾದರೂ ಜಾಗ ಬಿಡಿ. ಜಾಗವೇ ಇಲ್ಲವೆಂದಾದರೆ ಆ ರಂಧ್ರಕ್ಕೆ ತುರುಕಲೆಂದು ಕೆಲವು ತಯಾರಕರು ಕೊಡುವ ಫೋಮ್ ತುಂಡನ್ನು ಬಳಸಿ. ಮಂದ್ರದ ಉಬ್ಬರ ಇಳಿಯುತ್ತದೆ.

ಕುಳಿತುಕೊಳ್ಳುವ ಜಾಗ

ಪ್ರತಿ ಕೋಣೆಗೂ ಅದರ ಉದ್ದಕ್ಕೆ ತಕ್ಕಂತೆ ತನ್ನದೇ ಆದ ಸ್ವರವೊಂದು ಇರುತ್ತದೆ. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಅದು ಸುಮಾರು 43 ಹರ್ಟ್ಜ್. ನಟ್ಟನಡುವೆ ಕುಳಿತವರಿಗೆ ಅದು ಕೇಳಿಸುವುದೇ ಇಲ್ಲವೆನ್ನುವಷ್ಟು ಕ್ಷೀಣ, ಗೋಡೆಗೆ ತಲೆಯಾನಿಸಿ ಕುಳಿತವರಿಗೆ ಅತಿಯಾಗಿ ಜೋರು. ಸೋಫಾವನ್ನು ಗೋಡೆಗೆ ಅಂಟಿಸದೆ ಅರ್ಧ ಮೀಟರಿನಷ್ಟು ಮುಂದೆ ಎಳೆದರೂ ಆಗುವ ಬದಲಾವಣೆ ಅಚ್ಚರಿ ಹುಟ್ಟಿಸುವಂಥದ್ದು. ಮನೆಯವರು ಒಪ್ಪಬೇಕು, ಅಷ್ಟೆ.

ಕೋಣೆಯಲ್ಲಿ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ತಂತಿ ಮೀಟಿದಂತೆ ಜುಂಯ್ ಎಂಬ ಬಾಲ ಕೇಳಿಸಿದರೆ ಎದುರುಬದುರಿನ ಬರಿಗೋಡೆಗಳು ಸದ್ದನ್ನು ಚೆಂಡಿನಂತೆ ಆಡಿಸುತ್ತಿವೆ ಎಂದು ತಿಳಿಯಬೇಕು. ನೆಲದ ಮೇಲೆ ದಪ್ಪನೆಯ ಜಮಖಾನ, ಕಿಟಕಿಗೆ ಮಡಿಕೆಗಳುಳ್ಳ ಪರದೆ, ಇವೆರಡರಿಂದಲೇ ಎತ್ತರದ ಸ್ವರಗಳ ಗದ್ದಲ ಬಹಳಷ್ಟು ತಗ್ಗುತ್ತದೆ. ಮಂದ್ರದ ಮೇಲೆ ಮಾತ್ರ ಇವುಗಳ ಆಟ ನಡೆಯದು. ಪಕ್ಕದ ಗೋಡೆಯ ಪ್ರತಿಫಲನ ಎಲ್ಲಿಂದ ಬರುತ್ತಿದೆಯೆಂದು ಕಂಡುಹಿಡಿಯಲು ಕನ್ನಡಿಯೊಂದು ಸಾಕು: ನೀವು ಕುಳಿತಿರುವಾಗ ಇನ್ನೊಬ್ಬರು ಕನ್ನಡಿಯನ್ನು ಗೋಡೆಯುದ್ದಕ್ಕೂ ಸರಿಸುತ್ತ ಹೋಗಲಿ, ಅದರಲ್ಲಿ ಟ್ವೀಟರ್ ಕಾಣಿಸಿದ ಜಾಗವೇ ಅದು. ಪುಸ್ತಕದ ಕಪಾಟನ್ನು ನಿಲ್ಲಿಸಬೇಕಾದದ್ದು ಅಲ್ಲಿ. ಬೇರೆ ಬೇರೆ ಗಾತ್ರದ ಪುಸ್ತಕಗಳು ಸದ್ದನ್ನು ಒಂದೇ ಕಡೆಗೆ ಮರಳಿಸದೆ ಚದುರಿಸುತ್ತವೆ.

ಕೇಳುವಾಗ

ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿ ಮಂದ್ರ ಸ್ವರಗಳಿಗೆ ಹೆಚ್ಚು ಮಂದವಾಗುತ್ತದೆ ಎಂಬುದನ್ನು ವಿಜ್ಞಾನಿಗಳಾದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ರಾತ್ರಿ ಮೆಲುದನಿಯಲ್ಲಿ ಕೇಳುವಾಗ ನಾದ ಬಡಕಲಾದಂತೆ ಅನ್ನಿಸಿದರೆ ದೋಷ ಸ್ಪೀಕರಿನದಲ್ಲ. ಬಾಸ್ ಗುಂಡಿಯನ್ನು ಸ್ವಲ್ಪ ಏರಿಸುವುದು ತಪ್ಪೂ ಅಲ್ಲ. ಎರಡು ಜಾಗಗಳನ್ನು ಹೋಲಿಸುವಾಗ ಮಾತ್ರ ವಾಲ್ಯೂಮನ್ನು ಮುಟ್ಟಬಾರದು, ಏಕೆಂದರೆ ತುಸು ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಹಾಗೆಂದು ಜೋರು ಸದ್ದಿನ ರುಚಿ ಹತ್ತಿಸಿಕೊಳ್ಳಬೇಡಿ: ವಾರಕ್ಕೆ 40 ಗಂಟೆಗಳ ಆಲಿಸುವಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬೆಲ್.

ಇಷ್ಟೆಲ್ಲ ಆದ ಮೇಲೂ ಅತಿ ಕೆಳಗಿನ ಸ್ವರಗಳ ಕೊರತೆ ಕಾಡಿದರೆ ಆ ಸ್ವರಗಳಿಗೆಂದೇ ಇರುವ ಸಬ್‌ವೂಫರ್ ಎಂಬ ಇನ್ನೊಂದು ಸ್ಪೀಕರನ್ನು ಸೇರಿಸಬಹುದು. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳನ್ನು ಸಬ್‌ವೂಫರಿಗೂ ಮೇಲಿನವನ್ನು ಸ್ಪೀಕರುಗಳಿಗೂ ಹಂಚಿಕೊಟ್ಟರೆ ಸಬ್‌ವೂಫರ್ ಎಲ್ಲಿಂದ ನುಡಿಯುತ್ತಿದೆಯೆಂದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದರೆ ಅವಸರ ಬೇಡ. ಸರಿಯೆನ್ನಿಸಿದ ಜಾಗದಲ್ಲಿ ಸ್ಟ್ಯಾಂಡಿನ ಮೂಲೆಗಳಿಗೆ ನೆಲದ ಮೇಲೆ ಅಂಟುಪಟ್ಟಿಯಿಂದ ಗುರುತು ಹಾಕಿ, ಒಂದು ವಾರ ಹಾಗೆಯೇ ಕೇಳಿ. ಕಸ ಗುಡಿಸುವಾಗ ಸ್ಟ್ಯಾಂಡ್ ಸರಿದರೂ ಆ ಗುರುತು ಅದನ್ನು ಮತ್ತೆ ಅಲ್ಲಿಗೇ ತರುತ್ತದೆ.