ಸ್ಪೀಕರ್ ಮೊದಲು, ಆ್ಯಂಪ್ಲಿಫೈಯರ್ ಆಮೇಲೆ: ಹೈಫೈ ಜೋಡಿ ಆರಿಸುವುದು ಹೇಗೆ?

ಲಕ್ಷ ರೂಪಾಯಿ ದಾಟುವ ಹೈಫೈ ಸ್ಪೀಕರ್ ಕೊಳ್ಳಹೊರಟ ಶಿರಸಿ, ಕಾರವಾರದ ಸಂಗೀತಪ್ರಿಯರು ಸಾಮಾನ್ಯವಾಗಿ ಬೆಂಗಳೂರಿನ ಮಳಿಗೆಯಲ್ಲಿ ಅರ್ಧ ಗಂಟೆ ಕೇಳಿ ನಿರ್ಧರಿಸಿಬಿಡುತ್ತಾರೆ. ಮಳಿಗೆಯ ಕೋಣೆಯನ್ನು ಕೇಳುವುದಕ್ಕೆಂದೇ ಸಜ್ಜುಗೊಳಿಸಿರುತ್ತಾರೆ. ನಮ್ಮ ಮನೆಗಳು ಹಾಗಿರುವುದಿಲ್ಲ. ಆದ್ದರಿಂದ ಮೊದಲು ಮನೆಯ ಕೋಣೆಯನ್ನು ಅರಿತು, ಅದಕ್ಕೆ ಹೊಂದುವ ಸ್ಪೀಕರ್ ಆರಿಸಿ, ಕೊನೆಯಲ್ಲಿ ಆ್ಯಂಪ್ಲಿಫೈಯರ್ ಹುಡುಕಬೇಕು.

ಟೇಪು ಹಿಡಿದು ಕೋಣೆಯ ಉದ್ದಗಲ ಅಳೆಯಿರಿ. ಕರಾವಳಿಯ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ, ಯಾವ ಮಂದ್ರ ಸ್ವರಕ್ಕೆ ಕೋಣೆ ಮೊದಲು ಅನುರಣಿಸುತ್ತದೆ ಎಂಬುದು ತಿಳಿಯುತ್ತದೆ. 5 ಮೀಟರ್ ಉದ್ದದ ಕೋಣೆಗೆ ಅದು 35 ಹರ್ಟ್ಸ್. ಕಾರವಾರದ ಕಾಂಕ್ರೀಟ್ ಫ್ಲ್ಯಾಟ್‌ನಲ್ಲಿ ಈ ಗುಂಗು ಗೋಡೆಗಳ ನಡುವೆಯೇ ಸಿಕ್ಕಿಕೊಳ್ಳುವುದರಿಂದ ಅಲ್ಲಿ ಸಣ್ಣ ಸ್ಪೀಕರೇ ಲೇಸು. ಶಿರಸಿ ಕಡೆಯ ಹಂಚಿನ ಮನೆಯಲ್ಲಿ ಹಂಚಿನ ಸಂದು, ಮರದ ಅಟ್ಟಗಳ ಮೂಲಕ ಮಂದ್ರಧ್ವನಿ ಹೊರಗೆ ಹೋಗುತ್ತದೆ. ದೊಡ್ಡ ವೂಫರ್ (ಮಂದ್ರಧ್ವನಿ ನುಡಿಸುವ ಭಾಗ) ಇರುವ, ನೆಲದ ಮೇಲೆ ನಿಲ್ಲುವ ಸ್ಪೀಕರ್ ಅಲ್ಲಿ ಹೆಚ್ಚು ಒಪ್ಪುತ್ತದೆ.

ಮುಂದೆ ಸ್ಪೀಕರ್‌ನ ವಿವರಪಟ್ಟಿಯಲ್ಲಿ ಎರಡು ಅಂಕಿಗಳನ್ನು ಹುಡುಕಿ. ಮೊದಲನೆಯದು ಸೆನ್ಸಿಟಿವಿಟಿ, ಅಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದು. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯೇ ಇಂಪೀಡೆನ್ಸ್, ಅದರ ಅಳತೆ ಓಮ್. 8 ಓಮ್‌ನ ಸ್ಪೀಕರ್‌ಗೆ ಆ ವೋಲ್ಟೇಜ್ ಎಂದರೆ 1 ವಾಟ್. 4 ಓಮ್‌ನದಕ್ಕೆ 2 ವಾಟ್. ಹೀಗಾಗಿ 4 ಓಮ್ ಸ್ಪೀಕರ್‌ನ ಅಂಕಿಯಿಂದ 3 ಡೆಸಿಬೆಲ್ ಕಳೆದ ಮೇಲಷ್ಟೇ ಹೋಲಿಕೆ ಸರಿಯಾಗುತ್ತದೆ. ಎರಡನೆಯದು ಕನಿಷ್ಠ ಇಂಪೀಡೆನ್ಸ್, ಅಂದರೆ ಸ್ವರದಿಂದ ಸ್ವರಕ್ಕೆ ಬದಲಾಗುವ ಆ ತಡೆ ಎಷ್ಟು ಕೆಳಗಿಳಿಯುತ್ತದೆ ಎಂಬುದು. 8 ಓಮ್ ಎಂದು ಬರೆದ ಸ್ಪೀಕರ್ 6.4 ಓಮ್‌ಗಿಂತ ಕೆಳಗಿಳಿಯಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಆದರೆ ಕೆಇಎಫ್ ಕಂಪನಿ 2012ರಲ್ಲಿ ತಂದ ಎಲ್‌ಎಸ್50 ಸ್ಪೀಕರ್‌ನ ವಿವರಪಟ್ಟಿಯಲ್ಲೇ 8 ಓಮ್, ಕನಿಷ್ಠ 3.2 ಓಮ್, 85 ಡೆಸಿಬೆಲ್ ಎಂದಿತ್ತು. ಇಂಥ ಸ್ಪೀಕರ್‌ಗೆ ಕಡಿಮೆ ಇಂಪೀಡೆನ್ಸ್‌ನಲ್ಲೂ ಕರೆಂಟ್ ಧಾರಾಳವಾಗಿ ಕೊಡಬಲ್ಲ ಆ್ಯಂಪ್ಲಿಫೈಯರ್ ಬೇಕೇ ಬೇಕು.

ಎಷ್ಟು ವಾಟ್ ಬೇಕು ಎಂಬುದನ್ನು ಯಕ್ಷಗಾನದ ಧ್ವನಿಮುದ್ರಣವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಭಾಗವತರ ಪದ ಸರಾಸರಿ 75 ಡೆಸಿಬೆಲ್‌ನಲ್ಲಿ ಕೇಳುತ್ತಿದ್ದು, ಚಂಡೆಯ ಪೆಟ್ಟು ಅದಕ್ಕಿಂತ 20 ಡೆಸಿಬೆಲ್ ಮೇಲೇರುತ್ತದೆ ಎಂದುಕೊಳ್ಳಿ; ಆಗ ಗುರಿ 95. ಮೂರು ಮೀಟರ್ ದೂರ ಕುಳಿತರೆ ಸುಮಾರು 9.5 ಡೆಸಿಬೆಲ್ ನಷ್ಟವಾಗುತ್ತದೆ, ಎರಡು ಸ್ಪೀಕರ್ ಇರುವುದರಿಂದ 3 ಸೇರುತ್ತದೆ. ಗೋಡೆಗಳ ಪ್ರತಿಫಲನವನ್ನು ಬಿಟ್ಟು ಲೆಕ್ಕ ಹಾಕಿದರೆ, 85 ಡೆಸಿಬೆಲ್‌ನ ಸ್ಪೀಕರ್‌ಗೆ ಆ ಒಂದು ಪೆಟ್ಟಿಗಾಗಿ ತಲಾ ಸುಮಾರು 45 ವಾಟ್ ಬೇಕಾಗುತ್ತದೆ. 91 ಡೆಸಿಬೆಲ್‌ನದಕ್ಕೆ 11 ವಾಟ್ ಸಾಕು. ಶಕ್ತಿ ಸಾಲದ ಆ್ಯಂಪ್ಲಿಫೈಯರ್ ಅಲೆಯ ತುದಿಯನ್ನೇ ಕತ್ತರಿಸಿಬಿಡುವುದರಿಂದ ಚಂಡೆ ಒಡಕಾಗಿ ಕೇಳುತ್ತದೆ, ತಾರ ಸ್ವರಗಳನ್ನು ನುಡಿಸುವ ಟ್ವೀಟರ್ ಸುಟ್ಟುಹೋಗುವುದೂ ಉಂಟು.

ವಾಟ್‌ಗಿಂತಲೂ ನಾನು ಮೊದಲು ನೋಡುವುದು, 8 ಓಮ್‌ಗೆ 100 ವಾಟ್ ಕೊಡುವ ಆ್ಯಂಪ್ಲಿಫೈಯರ್ 4 ಓಮ್‌ಗೆ 200ರ ಹತ್ತಿರ ಕೊಡುತ್ತದೆಯೇ ಎಂಬುದನ್ನು. ಕೊಟ್ಟರೆ ಅದರ ಪವರ್ ಸಪ್ಲೈ ಗಟ್ಟಿ. ಟ್ರಾನ್ಸಿಸ್ಟರ್ ಬದಲು ಗಾಜಿನ ನಳಿಗೆಗಳಿರುವ ವಾಲ್ವ್ ಆ್ಯಂಪ್ಲಿಫೈಯರ್ ಇಷ್ಟಪಡುವವರು ಇನ್ನೊಂದನ್ನು ಗಮನಿಸಬೇಕು. ಅದರ ಔಟ್‌ಪುಟ್ ಇಂಪೀಡೆನ್ಸ್ (ಆ್ಯಂಪ್ಲಿಫೈಯರ್‌ನ ಒಳಗಿನದೇ ತಡೆ) 2 ಓಮ್ ಇದ್ದು, ಸ್ಪೀಕರ್‌ನದು 4ರಿಂದ 30 ಓಮ್ ತನಕ ಏರಿಳಿಯುತ್ತಿದ್ದರೆ, ಸ್ವರದಿಂದ ಸ್ವರಕ್ಕೆ 3 ಡೆಸಿಬೆಲ್‌ವರೆಗೆ ವ್ಯತ್ಯಾಸ ಬಂದು ಸ್ಪೀಕರ್‌ನ ಗುಣವೇ ಬದಲಾಗುತ್ತದೆ.

ಈಗ ಕೇಳಿ ಹೋಲಿಸುವ ಕೆಲಸ. ತುಸು ಜೋರಾಗಿರುವುದೇ ಕಿವಿಗೆ ಉತ್ತಮವಾಗಿ ಕೇಳುತ್ತದೆ. ಇದನ್ನು ಮರೆತ ಹೋಲಿಕೆಗೆ ಬೆಲೆಯಿಲ್ಲ. ಎರಡು ಸ್ಪೀಕರ್ ಜೋಡಿಗಳನ್ನು ಹೋಲಿಸುವಾಗ ಪಿಂಕ್ ನಾಯ್ಸ್ (ಮಂದ್ರದಿಂದ ತಾರದವರೆಗಿನ ಎಲ್ಲ ಸ್ವರ ಬೆರೆತ ಭೋರೆಂಬ ಸದ್ದು) ಹಾಕಿ, ಕೂರುವ ಜಾಗದಲ್ಲಿ ಮೊಬೈಲ್‌ನ ಧ್ವನಿಮಾಪಕ ಆ್ಯಪ್ ಎರಡಕ್ಕೂ ಒಂದೇ ಅಂಕಿ ತೋರಿಸುವಂತೆ ವಾಲ್ಯೂಮ್ ಹೊಂದಿಸಿ. ಆ್ಯಂಪ್ಲಿಫೈಯರ್‌ಗಳನ್ನು ಹೋಲಿಸುವಾಗ 200 ಹರ್ಟ್ಸ್ ಸ್ವರ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಶೇ 1ರೊಳಗೆ ಬಂದರೆ ಧ್ವನಿಯ ಅಂತರ 0.1 ಡೆಸಿಬೆಲ್‌ನಷ್ಟೇ. ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ಗೊತ್ತಾಗದಂತೆ ಮನೆಯವರೊಬ್ಬರು ವೈರ್ ಬದಲಿಸಲಿ. ಬದಲಿಸುವ ಮುನ್ನ ಆ್ಯಂಪ್ಲಿಫೈಯರ್ ಆಫ್ ಮಾಡುವುದು ಕಡ್ಡಾಯ. ತಂಬೂರಿಯ ಜೀವಾಳಿಯ ಝೇಂಕಾರ ಎಳೆಎಳೆಯಾಗಿ ಬಿಡಿಸಿ ಕೇಳುತ್ತದೆಯೇ, ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುವುದು ಸ್ಪಷ್ಟವಾಗಿದೆಯೇ, ಭಾಗವತರ ಧ್ವನಿ ಎರಡು ಪೆಟ್ಟಿಗೆಗಳ ನಡುವೆ ಒಂದೇ ಕಡೆ ನಿಲ್ಲುತ್ತದೆಯೇ ಎಂಬುದನ್ನು ಗಮನಿಸಿ.

ವೈರಿಗೆ ಹೆಚ್ಚು ಹಣ ಸುರಿಯಬೇಡಿ. 2.5 ಚದರ ಮಿಲಿಮೀಟರ್‌ನ ಸಾಧಾರಣ ತಾಮ್ರದ ವೈರ್ 5 ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ರೋಧ ಸುಮಾರು 0.07 ಓಮ್ ಮಾತ್ರ. ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ತಾಮ್ರದ ತುದಿ ಹಸಿರುಗಟ್ಟುವುದರಿಂದ, ಮಳೆಗಾಲ ಮುಗಿದೊಡನೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯಿರಿ. ವೂಫರ್‌ನ ಅಂಚು ಫೋಮ್‌ನದಾಗಿದ್ದರೆ ತೇವಕ್ಕೆ ಬೇಗ ಶಿಥಿಲವಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ರಬ್ಬರ್ ಅಂಚಿನದೇ ಸರಿ. ಸಿಡಿಲಿನಿಂದ ಕಾಪಾಡಲು ಆ್ಯಂಪ್ಲಿಫೈಯರ್‌ನ ಸ್ವಿಚ್ ಆರಿಸಿದರೆ ಸಾಲದು, ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೇ ಕಿತ್ತಿಡಬೇಕು.