ಮಾಸ್ತರ ಕೋಟೆಗೆ ಎರಡು ಪ್ಯಾದೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಭಾನುವಾರ ಸಂಜೆ ಅಂದ್ರೆ ಚೆಸ್. ಎದುರಿಗೆ ನಿವೃತ್ತ ಗಣಿತ ಮಾಸ್ತರು. ನಾನು ಬಿಳಿ ಹಿಡಿದು ಪ್ಯಾದೆಯನ್ನು ಇ4ಕ್ಕೆ (ಮನೆಗಳ ಹೆಸರು ಅಡ್ಡಕ್ಕೆ ಎಯಿಂದ ಎಚ್, ಉದ್ದಕ್ಕೆ 1ರಿಂದ 8) ನಡೆಸಿದರೆ ಅವರ ಪ್ಯಾದೆ ಇ6ಕ್ಕೆ ಬಂದು ನಿಂತಿತೆಂದೇ ಲೆಕ್ಕ. ಕಪ್ಪಿನ ಈ ಶುರುವಾತಿಗೆ ಫ್ರೆಂಚ್ ಡಿಫೆನ್ಸ್ ಅಂತಾರೆ, 1834ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಡುವೆ ಪತ್ರದ ಮೂಲಕ ಶುರುವಾದ ಪಂದ್ಯದಿಂದ ಬಂದ ಹೆಸರು. ಬಾಗಿಲು ಹಾಕಿಕೊಂಡು ಕೂತ ಕೋಟೆ ಅದು. ನಾನು ಗೋಡೆಗೆ ಹಾಯ್ದು ಹಾಯ್ದು, ಬೇಸತ್ತು, ಏನೋ ಒಂದು ನಡೆಸಿ ಸೋಲೋದು ವಾಡಿಕೆಯಾಗಿತ್ತು.

ಆಮೇಲೆ ಕಲಿತದ್ದು ಮಿಲ್ನರ್-ಬ್ಯಾರಿ ಗ್ಯಾಂಬಿಟ್, ಅಂದ್ರೆ ಪ್ಯಾದೆ ಬಿಟ್ಟುಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳೋದು. ಆ ಹೆಸರಿನ ಮನುಷ್ಯ ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಎನಿಗ್ಮಾ ಸಂಕೇತ ಒಡೆದವರ ಪೈಕಿ ಒಬ್ಬ. ಇಬ್ಬರ ಪ್ಯಾದೆಗಳೂ ಸರದಿಯಂತೆ ಡಿ4, ಡಿ5, ಇ5, ಸಿ5, ಸಿ3. ಕುದುರೆಗಳು ಹೊರಬಿದ್ದ ಮೇಲೆ ಕಪ್ಪು ವಜೀರ (ರಾಣಿಗೆ ನಮ್ಮ ಮನೇಲಿ ಹಾಗೇ ಅನ್ನೋದು) ಬಿ6ಕ್ಕೆ ಬರ್ತಾನೆ, ನನ್ನ ಒಂಟೆ (ಬಿಷಪ್) ಡಿ3ಕ್ಕೆ. ಸಿ ಸಾಲಿನ ಪ್ಯಾದೆಗಳು ಡಿ4ರಲ್ಲಿ ಹೊಡೆದಾಡಿದ ಮೇಲೆ ಕಪ್ಪು ಕುದುರೆ ಕೂಡಲೇ ನನ್ನ ಡಿ4 ತಿಂದರೆ ಹೊಂಡಕ್ಕೆ ಬಿದ್ದಂತೆ: ಕುದುರೆ ಕುದುರೆಯನ್ನು ತಿಂದು, ವಜೀರ ತಿನ್ನೋಕೆ ಬಂದಾಗ ನನ್ನ ಒಂಟೆ ಬಿ5ರಿಂದ ಶಹ ಕೊಡ್ತದೆ, ಡಿ ಸಾಲು ತೆರೆದು ಅವರ ವಜೀರ ಹೋದ. ಮಾಸ್ತರಿಗೆ ಅದು ಗೊತ್ತು. ಮೊದಲು ಒಂಟೆ ಡಿ7ಕ್ಕೆ ತಂದರು. ನಾನು ಕ್ಯಾಸ್ಲಿಂಗ್ ಮಾಡಿದೆ, ಅಂದ್ರೆ ರಾಜ-ಆನೆ ಒಟ್ಟಿಗೆ ಸರಿಸಿ ರಾಜನನ್ನು ಮೂಲೆಗೆ ಭದ್ರ ಮಾಡಿದೆ.

"ಯಾಕೋ ತಮ್ಮಾ, ಡಿ4 ಪ್ಯಾದಿ ಮರತಿಯೇನು?"

"ತಗೋರಿ ಸರ್," ಅಂದೆ.

ತಗೊಂಡರು. ಕುದುರೆಗೆ ಕುದುರೆ ಹೋಗಿ ಅವರ ವಜೀರ ಡಿ4ರಲ್ಲಿ ನಿಂತ. ನನ್ನ ಇನ್ನೊಂದು ಕುದುರೆ ಸಿ3ಕ್ಕೆ ಬಂದಾಗ ಇ5 ಪ್ಯಾದೆನೂ ತಗೊಂಡರು. ಎರಡು ಪ್ಯಾದೆ ಹೋದದ್ದು ನಿಜ, ಆದರೆ ಅವರ ವಜೀರ ಒಬ್ಬನೇ ಬಯಲಲ್ಲಿ. ಆನೆ ಇ1, ವಜೀರ ಡಿ6ಕ್ಕೆ ಹಿಂದೆ. ಕುದುರೆ ಬಿ5. ಅವರು ಒಂಟೆಯಿಂದ ಅದನ್ನು ತಿಂದರು, ನನ್ನ ಒಂಟೆ ತಿಂದು ಶಹ. ರಾಜ ಡಿ8ಕ್ಕೆ ಸರಿದ. ಇನ್ನು ಅವರಿಗೆ ಕ್ಯಾಸ್ಲಿಂಗ್ ಇಲ್ಲ. ಮೊದಲ ಸಲ ಕೋಟೆಯ ಒಳಗೆ ಕಾಲಿಟ್ಟಂತಾಯ್ತು. ಚಹಾ ಆರಿ ತಣ್ಣಗಾಗಿದ್ದೂ ನೆನಪಿಲ್ಲ. ನನ್ನ ವಜೀರ ಎಚ್5ಕ್ಕೆ, ಎಫ್7 ಮೇಲೆ ಕಣ್ಣು. ಕಾಯೋಕೆ ಕುದುರೆ ಎಚ್6ಕ್ಕೆ ಬಂತು, ಒಂಟೆಯಿಂದ ಅದನ್ನೂ ಹೊಡೆದು ಎಫ್7 ತಿಂದೆ. ಮಾಸ್ತರು ಎ6 ನೂಕಿ ನನ್ನ ಒಂಟೆಗೆ ಗುರಿಯಿಟ್ಟರು. ಆನೆ ಇ6ರ ಪ್ಯಾದೆ ತಿಂತು. ನನ್ನ ಒಂಟೆ ತಿಂದರೆ ಅವರ ವಜೀರ ಹೋಗ್ತಾನೆ, ವಜೀರ ಸರಿದರೆ ನನ್ನ ಆನೆ ಇ8ಕ್ಕೆ ಬಂದು ಮಾತ್. ಅವರು ಸೋಲೊಪ್ಪಿ ರಾಜನನ್ನು ಮಲಗಿಸಿದರು.

ಮುಂದಿನ ಭಾನುವಾರ ಹೀಗಾಗಲಿಲ್ಲ. ಡಿ4 ತಿಂದ ಮೇಲೆ ಇ5ಕ್ಕೆ ಕೈ ಹಾಕದೆ ಎ6 ನಡೆಸಿಬಿಟ್ಟರು. ಬಿ5 ಮನೆ ನನ್ನ ಕುದುರೆಗೆ ಇಲ್ಲದಂತಾಯ್ತು. ವಜೀರ ಇ2ಕ್ಕೆ ತಂದು ಇ5 ಕಾದೆ, ಎಫ್4 ನೂಕೋಣ ಅಂದರೆ ಆಗಲಿಲ್ಲ: ಅವರ ವಜೀರ ಡಿ4ರಿಂದ ನನ್ನ ರಾಜನತ್ತಲೇ ನೋಡ್ತಾ ಇದ್ದ, ಎಫ್2 ಪ್ಯಾದೆ ಅಲ್ಲಾಡೋ ಹಾಗಿಲ್ಲ. ಮೊದಲು ರಾಜನನ್ನು ಎಚ್1ಕ್ಕೆ ಸರಿಸಬೇಕು. ಈ ನಿಧಾನದ ನಡೆ ತಲೆಗೆ ಹತ್ತೋ ಹೊತ್ತಿಗೆ ಮೂರು ಆಟ ಸೋತಿದ್ದೆ. ಈಗ ಸರಿಸ್ತೀನಿ. ಆದರೂ ಒಂದು ಪ್ಯಾದೆ ಕಡಿಮೆ ಇಟ್ಟುಕೊಂಡೇ ಆಡೋದು, ಮಾಸ್ತರಂತೂ ಆ ಪ್ಯಾದೆಯನ್ನು ಜೇಬಿಗೆ ಹಾಕ್ಕೊಂಡು ಆಟ ಮುಗಿಯೋವರೆಗೂ ತೋರಿಸೋದಿಲ್ಲ.