ನೂರಿಪ್ಪತ್ತು ವೋಲ್ಟಿನ ಅಡುಗೆ ಯಂತ್ರಗಳು ನಮ್ಮ ಮನೆಯಲ್ಲಿ

ಹೊರದೇಶದಿಂದ ಬಂದ ಯಾವುದೇ ಅಡುಗೆ ಯಂತ್ರವನ್ನು ಪ್ಲಗ್ಗಿಗೆ ಹಾಕುವ ಮೊದಲು ನಾನು ಅದನ್ನು ಮಗುಚಿ ಹಾಕಿ, ತಳಕ್ಕೆ ಅಂಟಿಸಿರುವ ಸಣ್ಣ ಫಲಕವನ್ನು ಓದುತ್ತೇನೆ. ಅದರಲ್ಲಿ ನೋಡಬೇಕಾದದ್ದು ಮೂರೇ ಸಂಗತಿ: ಎಷ್ಟು ವೋಲ್ಟ್, ಎಷ್ಟು ಹರ್ಟ್ಸ್ (ಅಂದರೆ ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು), ಎಷ್ಟು ವಾಟ್. '100-240 ವೋಲ್ಟ್, 50/60 ಹರ್ಟ್ಸ್' ಎಂದಿದ್ದರೆ ಪಿನ್ನು ಬದಲಿಸಿದರೆ ಮುಗಿಯಿತು. ಆದರೆ ಈ ಬರಹ ಫೋನಿನ ಚಾರ್ಜರಿನಲ್ಲಿ, ಲ್ಯಾಪ್‌ಟಾಪಿನ ಅಡಾಪ್ಟರಿನಲ್ಲಿ ಕಾಣುವಷ್ಟು ಸುಲಭವಾಗಿ ಅಡುಗೆಮನೆಯ ಯಂತ್ರಗಳಲ್ಲಿ ಕಾಣುವುದಿಲ್ಲ. ಅಮೆರಿಕದಿಂದ ಬಂದವುಗಳ ಮೇಲೆ ಸಾಮಾನ್ಯವಾಗಿ '120 ವೋಲ್ಟ್, 60 ಹರ್ಟ್ಸ್' ಎಂದಷ್ಟೇ ಇರುತ್ತದೆ. ನಮ್ಮಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೀಗೆ ಬಂದ ಹಿಟ್ಟು ಕಲಸುವ ಸ್ಟ್ಯಾಂಡ್ ಮಿಕ್ಸರ್, ಹಣ್ಣು ಒಣಗಿಸುವ ಡೀಹೈಡ್ರೇಟರ್ ಮತ್ತು ಜಪಾನಿನ ರೈಸ್ ಕುಕ್ಕರ್‌ಗಳನ್ನು ನಾನು ಹೇಗೆ ನಡೆಸುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೋಲ್ಟೇಜು ಎರಡರಷ್ಟಾದರೆ ಕಾವೂ ಎರಡರಷ್ಟಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಕಾಯಿಲ್, ಅಂದರೆ ಕಾಯುವ ತಂತಿಯ ಸುರುಳಿ ಇರುವ ಯಂತ್ರದಲ್ಲಿ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಏರುತ್ತದೆ. 120 ವೋಲ್ಟಿನ ಹೀಟರನ್ನು 230ಕ್ಕೆ ಹಾಕಿದರೆ ಅದು ಸುಮಾರು 3.67 ಪಟ್ಟು ಶಕ್ತಿ ಎಳೆಯುತ್ತದೆ, ಜಪಾನಿನ 100 ವೋಲ್ಟಿನದಾದರೆ 5.29 ಪಟ್ಟು. ಪೇಟೆಯ ಕೆಲವು ಎಲೆಕ್ಟ್ರಿಷಿಯನ್‌ಗಳು 'ಒಂದು ಡಯೋಡ್ ಹಾಕಿದ್ರೆ ಅರ್ಧ ಆಗ್ತದೆ' ಎನ್ನುವುದುಂಟು. ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಅರ್ಧವಾಗುವುದು ನಿಜ, ಆದರೆ ಯಾವುದರ ಅರ್ಧ ಎಂದು ಕೇಳಬೇಕು. 3.67ರ ಅರ್ಧ 1.83; 600 ವಾಟಿನ ಕಾಯಿಲ್ ಆಗಲೂ 1100 ವಾಟಿನಷ್ಟು ಕಾಯುತ್ತದೆ. ಪ್ರಯಾಣಕ್ಕೆಂದು ಮಾರುವ ಅಂಗೈಯಗಲದ ಹಗುರ ಕನ್ವರ್ಟರ್‌ಗಳೂ ವಿದ್ಯುತ್ತಿನ ಅಲೆಯನ್ನು ಕತ್ತರಿಸಿಯೇ ಕೆಲಸ ಮಾಡುವಂಥವು. ಬರೀ ಕಾಯಿಲ್ ಇರುವ ಇಸ್ತ್ರಿಪೆಟ್ಟಿಗೆಯಂಥದ್ದನ್ನು ಸ್ವಲ್ಪ ಹೊತ್ತು ನಡೆಸಲು ಅವು ಸಾಕಾಗಬಹುದು, ಎಲೆಕ್ಟ್ರಾನಿಕ್ ಬೋರ್ಡು ಇರುವ ಯಂತ್ರಕ್ಕೆ ಸಲ್ಲದು.

ಆದ್ದರಿಂದ ಟ್ರಾನ್ಸ್‌ಫಾರ್ಮರೇ ಬೇಕು. ಸಿದ್ಧವಾಗಿ ಸಿಗುವ ಅಗ್ಗದವುಗಳಲ್ಲಿ ಹೆಚ್ಚಿನವು ಆಟೋ ಟ್ರಾನ್ಸ್‌ಫಾರ್ಮರ್‌ಗಳು, ಅಂದರೆ ಒಂದೇ ಸುತ್ತಿನ ನಡುವಿನಿಂದ 120 ವೋಲ್ಟ್ ತೆಗೆಯುವಂಥವು. ಅವು ಗಾತ್ರದಲ್ಲಿ ಚಿಕ್ಕವು, ತೂಕದಲ್ಲಿ ಹಗುರ. ಆದರೆ ಆ ಸುತ್ತಿನ ಕೆಳಭಾಗ ತುಂಡಾದರೆ ಯಂತ್ರದ ಕಡೆಗೆ ಪೂರ್ತಿ 230 ವೋಲ್ಟ್ ಹಾಯುತ್ತದೆ. ಹಾಗಾಗಿ ನಾನು ಶಿವಮೊಗ್ಗದ ವೈಂಡಿಂಗ್ ಅಂಗಡಿಯೊಂದರಲ್ಲಿ ಎರಡು ಬೇರೆ ಬೇರೆ ಸುತ್ತುಗಳಿರುವ 1000 ವಿಎ (ವೋಲ್ಟ್-ಆಂಪಿಯರ್, ಹೆಚ್ಚುಕಡಿಮೆ ವಾಟಿನಂತೆಯೇ ಸಾಮರ್ಥ್ಯದ ಅಳತೆ) ಟ್ರಾನ್ಸ್‌ಫಾರ್ಮರನ್ನು ಸುತ್ತಿಸಿದೆ. ಅಂಗಡಿಯವರು, "ಸಾರ್, ಅಲ್ಯೂಮಿನಿಯಂ ಹಾಕಿದ್ರೆ ಕಡಿಮೆಗೆ ಆಗ್ತದೆ, ಯಾರೂ ಒಳಗೆ ನೋಡಾದಿಲ್ಲ" ಎಂದರು. ನಾನು ತಾಮ್ರವನ್ನೇ ಕೇಳಿದೆ. ಅದೇ ಗಾತ್ರದ ಕೋರಿನಲ್ಲಿ (ಸುತ್ತುಗಳ ನಡುವಿನ ಕಬ್ಬಿಣದಲ್ಲಿ) ಅಲ್ಯೂಮಿನಿಯಂ ತಂತಿ ಹೆಚ್ಚು ಕಾಯುತ್ತದೆ, ಮಳೆಗಾಲದ ತೇವದಲ್ಲಿ ಅದರ ಜೋಡಣೆಗಳೂ ಬೇಗ ಕೆಡುತ್ತವೆ. ಯಂತ್ರದ ಕಡೆಯ ಸುತ್ತಿನಿಂದ 100, 110, 120 ವೋಲ್ಟನ್ನು ಬೇರೆ ಬೇರೆಯಾಗಿ ತೆಗೆಯುವ ಟ್ಯಾಪಿಂಗ್‌ಗಳನ್ನು ಬಿಡಿಸಿಕೊಂಡೆ, ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಹೀಟರಿಗಾದರೆ ಫಲಕದ ವಾಟಿಗಿಂತ ಕಾಲುಭಾಗವಾದರೂ ಹೆಚ್ಚು, ಮೋಟಾರಿಗಾದರೆ ಎರಡರಷ್ಟು ಸಾಮರ್ಥ್ಯ ಇರಬೇಕೆಂಬುದು ನಾನು ಹಿಡಿದಿರುವ ಲೆಕ್ಕ. ಹೊರಟ ಕ್ಷಣದಲ್ಲಿ ಮೋಟಾರು ಎಳೆಯುವ ಕರೆಂಟು ಫಲಕದಲ್ಲಿ ಬರೆದಿರುವುದಕ್ಕಿಂತ ಬಹಳ ಹೆಚ್ಚು.

ಸ್ಟ್ಯಾಂಡ್ ಮಿಕ್ಸರ್ ಹೆಚ್ಚು ತೊಂದರೆ ಕೊಡಲಿಲ್ಲ. ಅದು 325 ವಾಟಿನದು, ಒಳಗಿರುವುದು ಕಾರ್ಬನ್ ಬ್ರಶ್ ಇರುವ ಮೋಟಾರು. ನಮ್ಮ ಮಿಕ್ಸಿಗಳಲ್ಲಿರುವುದೂ ಬ್ರಶ್ ಇರುವ ಮೋಟಾರೇ. ಈ ಜಾತಿಯದ್ದಕ್ಕೆ 50 ಹರ್ಟ್ಸ್ ಆದರೇನು, 60 ಆದರೇನು, ವೋಲ್ಟೇಜು ಸರಿಯಿದ್ದರೆ ತಿರುಗುತ್ತದೆ. 120ರ ಟ್ಯಾಪಿಂಗಿಗೆ ಹಾಕಿ ಚಕ್ಕುಲಿ ಹಿಟ್ಟು ಕಲಸಿ ನೋಡಿದೆವು, ದೋಷವೇನೂ ಕಾಣಲಿಲ್ಲ. ನಮ್ಮ ಕೆಲವು ಕಂಪನಿಗಳು ಅಮೆರಿಕದಲ್ಲಿರುವವರಿಗಾಗಿ 110 ವೋಲ್ಟಿನ ಮಿಕ್ಸಿಯನ್ನೇ ಮಾಡಿ ಮಾರುತ್ತವೆ; ಅಲ್ಲಿಗೆ ಹೋಗುವವರು ಇಲ್ಲಿಯ ಮಿಕ್ಸಿಯನ್ನು ಹೊತ್ತೊಯ್ಯುವ ಬದಲು ಅದನ್ನೇ ಕೊಳ್ಳುವುದು ವಾಸಿ.

ನಿಜವಾದ ಕೆಲಸ ಇದ್ದದ್ದು ಡೀಹೈಡ್ರೇಟರಿನಲ್ಲಿ. ಆಷಾಢ, ಶ್ರಾವಣಗಳಲ್ಲಿ ಬಿಸಿಲು ಕಾಣದ ನಮ್ಮ ಕಡೆ ಹಲಸಿನ ತೊಳೆ, ಬಾಳೆಹಣ್ಣು ಒಣಗಿಸಬೇಕೆಂದರೆ ಒಲೆಯ ಮೇಲಿನ ಅಟ್ಟವೇ ಗತಿ, ಅಲ್ಲಿ ಒಣಗಿದ್ದಕ್ಕೆ ಹೊಗೆಯ ವಾಸನೆ ಬಿಡದು. ಅಮೆರಿಕದಲ್ಲಿರುವ ತಂಗಿಯ ಮಗ ತಂದುಕೊಟ್ಟ ಈ ಪೆಟ್ಟಿಗೆಯಲ್ಲಿ 600 ವಾಟಿನ ಕಾಯಿಲ್ ಇದೆ, ಅದರ ಹಿಂದೆ ಬ್ರಶ್ ಇಲ್ಲದ ಇಂಡಕ್ಷನ್ ಮೋಟಾರಿನ ಫ್ಯಾನು ಇದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸಬಲ್ಲುದೇ ಹೊರತು ಹರ್ಟ್ಸನ್ನು ಬದಲಿಸಲಾರದು. 50 ಹರ್ಟ್ಸಿನಲ್ಲಿ ಈ ಫ್ಯಾನಿನ ವೇಗ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೋಟಾರಿನ ಕಬ್ಬಿಣ ತಾಳಿಕೊಳ್ಳುವುದು ವೋಲ್ಟ್ ಮತ್ತು ಹರ್ಟ್ಸ್‌ಗಳ ಅನುಪಾತವನ್ನು. 120ನ್ನು 60ರಿಂದ ಭಾಗಿಸಿದರೆ 2, 50ರಿಂದ ಭಾಗಿಸಿದರೆ 2.4. ಶೇ. 20ರಷ್ಟು ಹೆಚ್ಚುವರಿ ಕಾಂತತ್ವವನ್ನು ಕೋರು ಹಿಡಿಯಲಾರದೆ ಕರೆಂಟು ಏರುತ್ತದೆ, ಮೋಟಾರು ಕಾಯುತ್ತದೆ. ತಂತಿಯನ್ನು ಸುತ್ತ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರಿನಲ್ಲಿ ನೋಡಿದಾಗ 120ರ ಟ್ಯಾಪಿಂಗಿನಿಂದ 100ಕ್ಕೆ ಇಳಿಸುತ್ತಿದ್ದಂತೆ ಫ್ಯಾನಿನ ಕರೆಂಟು ಸ್ಪಷ್ಟವಾಗಿ ಇಳಿಯಿತು, ಗುಂಯ್‌ಗುಡುವಿಕೆಯೂ ನಿಂತಿತು. ಟ್ಯಾಪಿಂಗ್‌ಗಳನ್ನು ಬಿಡಿಸಿಕೊಂಡದ್ದು ಈ ಕಾರಣಕ್ಕೇ. ಆದರೆ ಅದೇ 100 ವೋಲ್ಟಿನಲ್ಲಿ ಕಾಯಿಲ್‌ನ ಶಕ್ತಿ ಶೇ. 69ಕ್ಕೆ ಇಳಿದು 600 ವಾಟ್ ಸುಮಾರು 417 ವಾಟ್ ಆಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಅದು ಸಾಲದು.

ಕೊನೆಗೆ ಎರಡನ್ನೂ ಬೇರ್ಪಡಿಸಿದೆ. ಹಳೆಯ ಫ್ಯಾನನ್ನು ಬಿಚ್ಚಿ, ಅದೇ ಅಳತೆಯ 230 ವೋಲ್ಟಿನ ಕೂಲಿಂಗ್ ಫ್ಯಾನನ್ನು ಕೂರಿಸಿ, ಅದಕ್ಕೆ ನೇರವಾಗಿ ಮನೆಯ ಕರೆಂಟು ಕೊಟ್ಟೆ. ಕಾಯಿಲ್ಲಿಗೆ ಮಾತ್ರ ಟ್ರಾನ್ಸ್‌ಫಾರ್ಮರಿನ 120. ಕಾವಿನ ಹಾದಿಯಲ್ಲಿರುವ ಫ್ಯಾನು ಆ ಬಿಸಿಗೆ ತಾಳುವಂಥದ್ದೇ ಆಗಿರಬೇಕು, ಇಲ್ಲವೇ ಗಾಳಿಯನ್ನು ಒಳಗೆ ತಳ್ಳುವ ತಣ್ಣನೆಯ ಕಡೆಗೆ ಅದನ್ನು ಕೂರಿಸಬೇಕು. ಟ್ರಾನ್ಸ್‌ಫಾರ್ಮರ್ ಮತ್ತು ಫ್ಯಾನು ಎರಡೂ ಒಂದೇ ಸ್ವಿಚ್ಚಿನಿಂದ ಹೊರಡುವಂತೆ ಮಾಡಿದ್ದರಿಂದ, ಫ್ಯಾನನ್ನು ಹಾಕದೆ ಕಾಯಿಲನ್ನಷ್ಟೇ ಹಾಕಿಬಿಡುವ ಅವಕಾಶವೇ ಇಲ್ಲ. ಕಾವು ಮೀರಿದರೆ ಕಡಿದುಕೊಳ್ಳುವ ಥರ್ಮಲ್ ಕಟೌಟನ್ನು ಇದ್ದಲ್ಲೇ ಉಳಿಸಿದೆ. ಅದನ್ನು ಬೈಪಾಸ್ ಮಾಡಿ ಕೊಡುವ ರಿಪೇರಿಯವರಿಂದ ದೂರ ಇರುವುದು ಕ್ಷೇಮ. ಒಂದೇ ಪೆಟ್ಟಿಗೆಯೊಳಗೆ ಎರಡು ವೋಲ್ಟೇಜು ಇದೆಯೆಂದು ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ ಬರೆದಿದ್ದೇನೆ. ಡಯಲ್ಲು ಫ್ಯಾರನ್‌ಹೀಟ್‌ನಲ್ಲಿದೆ, ಹಣ್ಣಿಗೆ 135 ಎಂದರೆ 57 ಡಿಗ್ರಿ ಸೆಲ್ಸಿಯಸ್. ಪೂರ್ತಿ ತೇವ ಕುಡಿದ 23 ಡಿಗ್ರಿಯ ಗಾಳಿ ಅಷ್ಟು ಕಾದಾಗ ಅದರ ಸಾಪೇಕ್ಷ ತೇವಾಂಶ ಶೇ. 16ರ ಆಸುಪಾಸಿಗೆ ಇಳಿಯುವುದರಿಂದ, ಹೊರಗೆ ಜಡಿಮಳೆ ಹಿಡಿದಿದ್ದರೂ ಒಳಗೆ ತೊಳೆ ಒಣಗುತ್ತದೆ. ಕೈಪಿಡಿಯಲ್ಲಿ ಬರೆದಿರುವುದಕ್ಕಿಂತ ಹೆಚ್ಚು ಹೊತ್ತು ಬೇಕು, ಅಷ್ಟೆ.

ರೈಸ್ ಕುಕ್ಕರಿನ ಬಗ್ಗೆ ಹೇಳುವುದು ಕಡಿಮೆ. ಜಪಾನಿನ ಪೂರ್ವಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60 ಹರ್ಟ್ಸ್ ಇರುವುದರಿಂದ ಅಲ್ಲಿಯ ಯಂತ್ರಗಳ ಮೇಲೆ ಸಾಮಾನ್ಯವಾಗಿ ಎರಡೂ ಬರೆದಿರುತ್ತವೆ, ಆ ಚಿಂತೆಯಿಲ್ಲ. 100ರ ಟ್ಯಾಪಿಂಗಿನಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ಆದರೆ ಅಂಟಂಟಾಗುವ ಅಲ್ಲಿಯ ಅಕ್ಕಿಗೆ ಹೊಂದಿಸಿದ ಅದರ ಪ್ರೋಗ್ರಾಮು ನಮ್ಮ ಕುಚಲಕ್ಕಿಗೆ ಒಗ್ಗಲಿಲ್ಲ.

ವೈರಿನ ಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದ ವೈರಿಂಗಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಅಲ್ಲಿಯ ಚಪ್ಪಟೆ ಪಿನ್ನುಗಳನ್ನು ನಾನು ಕತ್ತರಿಸಿ ಬದಲಿಸಲಿಲ್ಲ. ಟ್ರಾನ್ಸ್‌ಫಾರ್ಮರಿನ ಮುಂದೆ ಅಮೆರಿಕದ ಮಾದರಿಯ ಸಾಕೆಟ್ಟನ್ನೇ ಕೂರಿಸಿ, ಅಡುಗೆಮನೆಯಲ್ಲಿದ್ದ ಎಲ್ಲ ಪಿನ್ನಿಗೂ ಒಗ್ಗುವ ಸಾಕೆಟ್ಟುಗಳನ್ನು ತೆಗೆಸಿದೆ. ಅವುಗಳಲ್ಲಿ ಚಪ್ಪಟೆ ಪಿನ್ನು ಸಲೀಸಾಗಿ ಹೋಗಿ ಕೂರುತ್ತದೆ, ಬರುವುದು ಮಾತ್ರ 230. ಗೋಡೆಯ ಅರ್ಥ್ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಗೂ ಅಮೆರಿಕದ ಸಾಕೆಟ್ಟಿನ ಮೂರನೆಯ ರಂಧ್ರಕ್ಕೂ ಒಯ್ದೆ, 120ರ ಕಡೆಗೆ ಬೇರೆ ಎಂಸಿಬಿ (ಕರೆಂಟು ಮೀರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಹಾಕಿದೆ. ಬೇರ್ಪಟ್ಟ ಸುತ್ತಿನ ಆಚೆ ನಡೆಯುವ ಸೋರಿಕೆ, ಸೋರಿಕೆ ಕಂಡರೆ ಕರೆಂಟು ಕಡಿಯುವ ಮನೆಯ ಆರ್‌ಸಿಸಿಬಿಗೆ ಗೊತ್ತಾಗುವುದಿಲ್ಲ ಎಂಬುದು ನೆನಪಿರಲಿ. ಸ್ವಿಚ್ಚು ಟ್ರಾನ್ಸ್‌ಫಾರ್ಮರಿನ ಹಿಂದೆ, ಗೋಡೆಯ ಕಡೆಗೆ ಇರಬೇಕು. ಇಲ್ಲದಿದ್ದರೆ ಯಂತ್ರ ನಿಂತರೂ ಟ್ರಾನ್ಸ್‌ಫಾರ್ಮರ್ ಒಂದಿಷ್ಟು ಯೂನಿಟ್ಟು ತಿನ್ನುತ್ತಲೇ ಇರುತ್ತದೆ.

ಟ್ರಾನ್ಸ್‌ಫಾರ್ಮರ್ ಎಂದರೆ ಸ್ಟೆಬಿಲೈಜರ್ ಅಲ್ಲ. ಗೋಡೆಯಲ್ಲಿ 190 ಬಂದರೆ ಅದು 99 ಕೊಡುತ್ತದೆ, 250 ಬಂದರೆ 130. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಲೈನಿನ ಕೊನೆಯಲ್ಲಿರುವ ಒಂಟಿ ಮನೆಗಳಿಗೆ ಸಂಜೆ ತಲುಪುವ ಕರೆಂಟು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರಿನ ಹಿಂದೆ ಸ್ಟೆಬಿಲೈಜರ್ ಇಟ್ಟಿದ್ದೇನೆ. ಗಾಳಿಮಳೆಯಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ವೋಲ್ಟೇಜು 400ರ ಕಡೆಗೆ ಹಾರಬಹುದಾದ್ದರಿಂದ, ಅಂಥ ದಿನ ಎಲ್ಲದರ ಪ್ಲಗ್ಗನ್ನೂ ಕಿತ್ತಿಡುತ್ತೇವೆ.

ಈಗ ಯಾರಾದರೂ ಏನು ತರಲೆಂದು ಕೇಳಿದರೆ, ಎಲ್ಲಿಂದ ಬರುತ್ತಿದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ. ದುಬೈ, ಲಂಡನ್, ಸಿಂಗಪುರ, ಸಿಡ್ನಿಗಳಲ್ಲಿ ಇರುವುದು ಹೆಚ್ಚುಕಡಿಮೆ ನಮ್ಮದೇ ವೋಲ್ಟೇಜು, ನಮ್ಮದೇ ಹರ್ಟ್ಸ್; ಪ್ಲಗ್ಗು ಬದಲಿಸಿದರೆ ಆಯಿತು. ಬ್ರಿಟನ್ನಿನ ಪ್ಲಗ್ಗಿನೊಳಗೆ ಒಂದು ಫ್ಯೂಸ್ ಇರುತ್ತದೆ, ಅದನ್ನು ಕತ್ತರಿಸಿ ಬಿಸಾಡಿದರೆ ಆ ರಕ್ಷಣೆಯೂ ಹೋಗುತ್ತದೆ ಎಂಬುದಷ್ಟೇ ಗಮನದಲ್ಲಿರಲಿ. ಅಮೆರಿಕದಿಂದಾದರೆ ಮೈಕ್ರೋವೇವ್ ಓವನ್, ಫ್ರಿಜ್ಜುಗಳನ್ನು ಕೊಟ್ಟರೂ ಬೇಡವೆನ್ನುತ್ತೇನೆ. ಮೊನ್ನೆ ತಂಗಿಯ ಮಗ ಫೋನು ಮಾಡಿ, "ಮಾವ, ಕಾಫಿ ಮೆಶೀನು ತರಲಾ?" ಎಂದ. ತಳದ ಫಲಕದ ಫೋಟೊ ಕಳಿಸಲು ಹೇಳಿದೆ. 120 ವೋಲ್ಟ್, 60 ಹರ್ಟ್ಸ್, 1450 ವಾಟ್ ಎಂದಿತ್ತು. ಅದಕ್ಕೆ 2000 ವಿಎ ಟ್ರಾನ್ಸ್‌ಫಾರ್ಮರ್ ಬೇಕು, 120ರ ಕಡೆಯ ವೈರಿನಲ್ಲಿ 12 ಆಂಪಿಯರಿಗೂ ಹೆಚ್ಚು ಕರೆಂಟು ಹರಿಯುತ್ತದೆ, ಒಳಗಿನ ಪಂಪು 60 ಹರ್ಟ್ಸಿನದೋ ಏನೋ ಬಿಚ್ಚಿಯೇ ನೋಡಬೇಕು. ಅದನ್ನು ಅಲ್ಲೇ ಬಿಟ್ಟು, ಡೀಹೈಡ್ರೇಟರಿಗೆ ಹೊಂದುವ ಎರಡು ಬಿಡಿ ತಟ್ಟೆಗಳನ್ನು ತರಲು ಹೇಳಿದ್ದೇನೆ.